ಚೌಕಿ ಕಾಣದ ವೇಷ

ಪ್ರಶ್ನೆ: ನನಗೆ 59 ವರ್ಷ. ಶಿರಸಿಯಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಅಡಿಕೆ ತೋಟವಿದೆ. ತಾಳಮದ್ದಳೆಯಲ್ಲಿ (ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನ) ಅರ್ಥ, ಅಂದರೆ ಪಾತ್ರದ ಮಾತು ಹೇಳುತ್ತೇನೆ, ಊರಿನಲ್ಲಿ ನಾಲ್ಕು ಜನ ಗೌರವ ಕೊಡುತ್ತಾರೆ. ಎರಡು ವರ್ಷದಿಂದ ರಾತ್ರಿ ಊಟ ಮುಗಿಸಿ ಕವಳ ಹಾಕಿ ಕುಳಿತರೆ ಮೊಬೈಲಿನಲ್ಲಿ ಸಿನಿಮಾ ನಟಿಯರದ್ದೇ ಸುದ್ದಿ. ಯಾರು ಯಾರ ಜೊತೆ ಓಡಾಡುತ್ತಿದ್ದಾರೆ, ಯಾರದು ವಿಚ್ಛೇದನ, ಯಾರು ಯಾವ ಉಡುಪಿನಲ್ಲಿ ಫೋಟೊ ತೆಗೆಸಿಕೊಂಡರು ಎಂದು ನೋಡುತ್ತ ನೋಡುತ್ತ ಗಂಟೆ ಒಂದಾಗುತ್ತದೆ. ಹೆಂಡತಿ ಕಂಡೂ ಕಾಣದಂತೆ ನಗುತ್ತಾಳೆ. ವಾಟ್ಸಾಪ್ ಗುಂಪಿನಲ್ಲಿ ಬಂದ ನಟಿಯೊಬ್ಬರ ಖಾಸಗಿ ವಿಡಿಯೊವನ್ನು ಇಬ್ಬರಿಗೆ ಕಳಿಸಿದ್ದೂ ಉಂಟು. ಮೊನ್ನೆ ಒಂದು ವಿಚ್ಛೇದನದ ವಿಡಿಯೊ ಕೆಳಗೆ ಸ್ವಲ್ಪ ಖಾರವಾಗಿ ಬರೆದೆ. ಹುಬ್ಬಳ್ಳಿಯಲ್ಲಿ ಓದುವ ತಮ್ಮನ ಮಗಳು ಅದನ್ನು ನೋಡಿ ಫೋನ್ ಮಾಡಿ, ‘ದೊಡ್ಡಪ್ಪಾ, ಅದು ನೀವೇ ಬರೆದದ್ದಾ?’ ಎಂದಳು. ಯಾರೋ ನನ್ನ ಮೊಬೈಲ್ ಬಳಸಿರಬೇಕು ಎಂದುಬಿಟ್ಟೆ. ದೊಡ್ಡಹಬ್ಬಕ್ಕೆ ಅವಳು ಊರಿಗೆ ಬರುತ್ತಾಳೆ. ಈ ವಯಸ್ಸಿನಲ್ಲಿ ಹೆಂಗಸರ ಚಿತ್ರ ನೋಡುತ್ತ ಕೂರುವುದು ರೋಗವೇ? ಬಹಳ ನಾಚಿಕೆಯಾಗುತ್ತದೆ. ಬಿಡುವುದು ಹೇಗೆ?

ಉತ್ತರ: ರೋಗವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದನ್ನು ನೀವು ಸಮಾಧಾನದಿಂದ ಓದಲಾರಿರಿ. ಆದರೆ ನಿಮ್ಮ ಪತ್ರದ ತೂಕ ಎಲ್ಲೋ ತಪ್ಪಿದೆ. ನೋಡಿದ್ದರ ಬಗ್ಗೆ ಎರಡು ಪುಟ ಬರೆದಿದ್ದೀರಿ (ಮೇಲೆ ಅದನ್ನು ನಾನು ಮೊಟಕು ಮಾಡಿದ್ದೇನೆ). ಬರೆದದ್ದರ ಬಗ್ಗೆ, ಕೊನೆಯಲ್ಲಿ ಕೊಟ್ಟ ಆ ಸಾಲನ್ನು ಬಿಟ್ಟರೆ, ಇರುವುದು ‘ಸ್ವಲ್ಪ ಖಾರವಾಗಿ’ ಎಂಬ ಎರಡೇ ಶಬ್ದ. ನಾಚಬೇಕಿಲ್ಲದ ಕಡೆ ಹೊಟ್ಟೆ ತುಂಬ ನಾಚಿ, ನಾಚಬೇಕಾದ ಕಡೆ ಸರಸರನೆ ದಾಟಿ ಹೋಗಿದ್ದೀರಿ.

ಮೊದಲು ನೋಡುವ ವಿಷಯ. ಮಂಗಗಳ ಸ್ವಭಾವವನ್ನು ತೋಟಿಗರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಆದರೂ ಒಂದು ಪ್ರಯೋಗದ ಕಥೆ ಕೇಳಿ. 2005ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಬಾಯಾರಿದ ಗಂಡು ರೀಸಸ್ ಮಂಗಗಳ ಮುಂದೆ ಒಂದು ಪರದೆ ಇಟ್ಟರು. ಒಂದು ಕಡೆ ಕಣ್ಣು ಹೊರಳಿಸಿದರೆ ಬರಿಯ ಬೂದು ಚೌಕ, ಜೊತೆಗೆ ಇಷ್ಟು ಹಣ್ಣಿನ ರಸ. ಇನ್ನೊಂದು ಕಡೆ ಹೊರಳಿಸಿದರೆ ತಮ್ಮದೇ ಗುಂಪಿನ ಮಂಗವೊಂದರ ಚಿತ್ರ, ಜೊತೆಗೆ ಇಷ್ಟು ರಸ. ರಸದ ಅಳತೆಯನ್ನು ಏರಿಸುತ್ತ ಇಳಿಸುತ್ತ ಹೋದರು. ಗುಂಪಿನಲ್ಲಿ ಬೆಲೆಯಿಲ್ಲದ ಮಂಗದ ಮುಖ ನೋಡಬೇಕಾದರೆ ಅವುಗಳಿಗೆ ಹೆಚ್ಚಿನ ರಸದ ಲಂಚ ಬೇಕಾಯಿತು. ತಮ್ಮ ಪಾಲಿನ ರಸವನ್ನೇ ಬಿಟ್ಟುಕೊಟ್ಟು ನೋಡಿದ್ದು ಎರಡೇ ಬಗೆಯ ಚಿತ್ರಗಳನ್ನು: ಗುಂಪಿನ ದೊಡ್ಡ ಗಂಡುಗಳ ಮುಖ ಮತ್ತು ಹೆಣ್ಣು ಮಂಗಗಳ ಹಿಂಭಾಗ. ಸಿನಿಮಾ ಪುರವಣಿಯ ಸಂಪಾದಕರಿಗೆ ಇದು ಪ್ರಯೋಗವಿಲ್ಲದೆಯೇ ಗೊತ್ತಿತ್ತು ಎನ್ನಿ. ನಿಮ್ಮ ತೋಟಕ್ಕೆ ಬರುವ ಮಂಗ ಈ ರೀಸಸ್‌ನ ದಾಯಾದಿ (ಕಪ್ಪು ಮೋರೆಯ ಮುಸಿಯ ಅಲ್ಲ). ನಾವೂ ತೀರಾ ದೂರದ ನೆಂಟರೇನಲ್ಲ.

ಗುಂಪಿನಲ್ಲಿ ಬದುಕುವ ಪ್ರಾಣಿಗೆ ಬಲ ಯಾರದು, ಯಾರು ಯಾರ ಜೊತೆ ಎಂಬುದು ಹೊಟ್ಟೆಪಾಡಿನ ಮಾಹಿತಿ. ಇಂಗ್ಲೆಂಡಿನ ರಾಬಿನ್ ಡನ್‌ಬಾರ್ ಎಂಬ ವಿದ್ವಾಂಸರು 1990ರ ದಶಕದಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಮಂಗಗಳು ಒಂದರ ಮೈಯನ್ನು ಇನ್ನೊಂದು ಹೆಕ್ಕಿ ಸ್ನೇಹ ಉಳಿಸಿಕೊಳ್ಳುತ್ತವೆ. ಮನುಷ್ಯರ ಗುಂಪು ದೊಡ್ಡದಾದಾಗ ಕೈಯಿಂದ ಹೆಕ್ಕಲು ಪುರಸತ್ತಾಗದೆ ಬಾಯಿಂದ ಹೆಕ್ಕಲು ಶುರುಮಾಡಿದರು, ಮಾತು ಬೆಳೆದದ್ದರಲ್ಲಿ ಇದರ ಪಾಲು ದೊಡ್ಡದು ಎಂಬುದು ಅವರ ವಾದ. ಪೂರ್ತಿ ಒಪ್ಪದವರೂ ಇದ್ದಾರೆ. ಆದರೆ ಒಮ್ಮೆಯಾದರೂ ಅಡಿಕೆ ಸುಲಿಯುವ ರಾತ್ರಿಯಲ್ಲಿ ಕುಳಿತವರಿಗೆ ಈ ವಾದ ವಿಚಿತ್ರ ಎನಿಸಲಾರದು.

ಈಗ ಕುಮಟಾದಲ್ಲಿ ಜನರ ಮನಸ್ಸಿನ ಕಷ್ಟ ಕೇಳುವ ಕೆಲಸ ಮಾಡುತ್ತಿದ್ದರೂ ನಾನು ಸಿದ್ದಾಪುರ ಕಡೆಯ ಹಳ್ಳಿಯವಳು. ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ನಮ್ಮ ಮನೆಯಂಗಳದಲ್ಲಿ ರಾತ್ರಿ ಹನ್ನೊಂದರವರೆಗೆ ಸುಲಿಯುವ ಮೆಟ್ಟುಗತ್ತಿಯ ಸಾಲು. ಕೈ ಸುಲಿಯುತ್ತಿತ್ತು, ಬಾಯಿ ಖಾಲಿ ಇತ್ತು. ಮಿನುಗುತಾರೆ ಕಲ್ಪನಾ 1979ರಲ್ಲಿ ಸಂಕೇಶ್ವರದ ಹತ್ತಿರದ ಗೋಟೂರಿನಲ್ಲಿ ತೀರಿಕೊಂಡಾಗ ನಾನು ಸಣ್ಣವಳು. ಆ ವರ್ಷದ ಸುಲಿಗೆಯುದ್ದಕ್ಕೂ ಅದೇ ಕಥೆ. ದಿನಕ್ಕೊಂದು ಕಾರಣ, ದಿನಕ್ಕೊಬ್ಬ ಅಪರಾಧಿ. ಹೇಳುವವರಲ್ಲಿ ಒಬ್ಬರೂ ಹುಬ್ಬಳ್ಳಿ ದಾಟಿದವರಲ್ಲ, ಆದರೆ ಬಂಗಲೆಯ ಬಾಗಿಲ ಸಂದಿನಿಂದ ಇಣುಕಿದವರ ಹಾಗೆ ಸೀರೆಯ ಬಣ್ಣ ಸಮೇತ ಹೇಳುತ್ತಿದ್ದರು. ಅದೇ ಹೆಂಗಸರು ಊರಿನ ಯಾವುದಾದರೂ ಸೊಸೆಯ ವಿಷಯಕ್ಕೆ ಬಂದರೆ ಮಾತಿನ ಧಾಟಿ ಬೇರೆ. ಅವಳ ಅತ್ತೆಯೋ ಅಕ್ಕನೋ ನಾಲ್ಕನೆಯ ಮೆಟ್ಟುಗತ್ತಿಯಲ್ಲಿ ಕುಳಿತಿರುತ್ತಿದ್ದರು. ನಾಳೆ ಮಜ್ಜಿಗೆಯ ಹೆಪ್ಪಿಗೆ ಅದೇ ಮನೆಗೆ ಹೋಗಬೇಕು. ಮಾತು ಒಂದು ಹದಕ್ಕೆ ಬಂದು ನಿಲ್ಲುತ್ತಿತ್ತು. ಹತ್ತಿರದವರ ಬಗ್ಗೆ ಇದ್ದ ಆ ಲಗಾಮು ಕಲ್ಪನಾ ಬಗ್ಗೆ ಇರಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಬಹಳ ವರ್ಷಗಳ ನಂತರ, ಈ ವೃತ್ತಿಗೆ ಬಂದ ಮೇಲೆ.

ಈಗ ಸುಲಿಯುವ ಯಂತ್ರ ಬಂದಿದೆ, ಅಂಗಳ ಖಾಲಿ. ಮಾತಿನ ಹಸಿವು ಮಾತ್ರ ಖಾಲಿಯಾಗಿಲ್ಲ. ಅದು ನಿಮ್ಮ ಅಂಗೈಗೆ ಬಂದು ಕುಳಿತಿದೆ. ಎದುರಿಗೆ ‘ಸಾಕು, ಬಿಡಿ’ ಎನ್ನುವವರು ಇಲ್ಲ.

ಟಿವಿ ಹೊಸದಾಗಿದ್ದಾಗಲೇ, 1956ರಲ್ಲಿ, ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ಅಮೆರಿಕನ್ನರು ಈ ಒಮ್ಮುಖ ಸ್ನೇಹವನ್ನು ಗುರುತಿಸಿದ್ದರು. ಪರದೆಯ ಮೇಲಿನವರು ನಮ್ಮನ್ನೇ ನೋಡಿ ಮಾತನಾಡಿದಂತೆ ಇರುತ್ತದೆ, ದಿನವೂ ಬರುತ್ತಾರೆ, ಅವರ ನಗೆ, ಕೋಪ, ನಡೆ ಎಲ್ಲ ಪರಿಚಿತವಾಗುತ್ತದೆ. ಆಪ್ತರು ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಅವರಿಗೆ ಮಾತ್ರ ನಾವು ಯಾರೆಂದೇ ಗೊತ್ತಿಲ್ಲ. ಒಂಟಿಯಾದವರಿಗೆ ಇದು ಒಳ್ಳೆಯ ಸಂಗಾತವೂ ಆಗುತ್ತದೆ, ತಳ್ಳಿಹಾಕುವಂಥದ್ದೇನಲ್ಲ. ಇಂಥ ಅಭಿಮಾನವನ್ನು ಅಳೆಯುವ ಮಾಪನವೊಂದನ್ನು 2002ರಲ್ಲಿ ಮನಃಶಾಸ್ತ್ರಜ್ಞರು ಪ್ರಕಟಿಸಿದರು. ನಾಲ್ಕು ಜನರ ಜೊತೆ ಹರಟೆಗೆ ವಸ್ತುವಾಗುವುದು ಮೊದಲ ಹಂತ. ಅವರ ಸುಖದುಃಖ ನನ್ನದೇ ಎನಿಸುವುದು ಎರಡನೆಯದು. ಅವರು ಹೇಳಿದರೆ ಕಾನೂನು ಮುರಿಯಲೂ ಸಿದ್ಧ ಎನ್ನುವುದು ಮೂರನೆಯದು. ನೀವು ಮೊದಲನೆಯದರಲ್ಲಿದ್ದೀರಿ, ಆಗಾಗ ಎರಡನೆಯದಕ್ಕೆ ಕಾಲು ಚಾಚುತ್ತೀರಿ. ಅಷ್ಟೇ.

ನನ್ನ ಚಿಂತೆ ಇರುವುದು ಚೌಕಿಯ (ವೇಷಧಾರಿಗಳು ಬಣ್ಣ ಹಚ್ಚುವ ಜಾಗದ) ಬಗ್ಗೆ.

ಯಕ್ಷಗಾನ ನೋಡುವವನಿಗೆ ಚೌಕಿ ದೂರವಲ್ಲ. ರಾತ್ರಿ ಒಂಬತ್ತಕ್ಕೆ ಹೋದರೆ ನಿಮ್ಮ ಪಕ್ಕದೂರಿನ ಮನುಷ್ಯ ಕನ್ನಡಿ ಹಿಡಿದು ಬಣ್ಣ ಬಳಿದುಕೊಳ್ಳುವುದು ಕಾಣುತ್ತದೆ, ಬೆಳಗಿನ ಜಾವ ಹೋದರೆ ತೆಂಗಿನೆಣ್ಣೆ ಹಚ್ಚಿ ಒರೆಸಿಕೊಳ್ಳುವುದು ಕಾಣುತ್ತದೆ. ನಮ್ಮ ಸೋದರಮಾವನೊಬ್ಬ ಯೌವನದಲ್ಲಿ ಒಬ್ಬ ಸ್ತ್ರೀವೇಷಧಾರಿಗೆ ಮರುಳಾಗಿದ್ದ. ಮೋಹಿನಿಯನ್ನು ನೋಡಲೆಂದೇ ಮೂರು ಮೈಲಿ ಸೂಡಿಯ ಬೆಳಕು ಹಿಡಿದುಕೊಂಡು ನಡೆಯುತ್ತಿದ್ದ. ಒಂದು ಬೆಳಗ್ಗೆ ಧೈರ್ಯ ಮಾಡಿ ಚೌಕಿಗೆ ಹೋದ. ಮೋಹಿನಿ ಅರ್ಧ ಬಣ್ಣ ಒರೆಸಿಕೊಂಡು, ಲುಂಗಿ ಸುತ್ತಿಕೊಂಡು, ಬೀಡಿ ಹಚ್ಚಿ, ಸಂಬಳ ಸರಿಯಾಗಿ ಬಂದಿಲ್ಲವೆಂದು ಯಾರನ್ನೋ ಬೈಯುತ್ತಿದ್ದಳು. ಮಾವ ಮನೆಗೆ ಬಂದು ತಾನೇ ಹೇಳಿ ನಕ್ಕ. ಮುಂದಿನ ಆಟಕ್ಕೆ ಮತ್ತೆ ಹೋದ, ಮತ್ತೆ ಮೈಮರೆತ. ಚೌಕಿ ಕಂಡ ಮಾತ್ರಕ್ಕೆ ರಸ ಕೆಡುವುದಿಲ್ಲ. ಆದರೆ ಆಮೇಲೆ ಅವನು ಮೋಹಿನಿಯ ಮನೆಯ ವಿಚಾರ ಮಾತನಾಡಿದ್ದನ್ನು ಯಾರೂ ಕೇಳಲಿಲ್ಲ. ಆ ಮನುಷ್ಯನಿಗೂ ಒಂದು ಮನೆಯಿದೆ, ಸಾಲವಿದೆ ಎಂಬುದು ಅವನಿಗೆ ಗೊತ್ತಾಗಿತ್ತು.

ನೀವು ರಾತ್ರಿ ನೋಡುವ ಸುದ್ದಿಗಳಿಗೂ ಒಂದು ಚೌಕಿ ಉಂಟು, ಅದರ ಬಾಗಿಲು ಮಾತ್ರ ನಮಗೆ ತೆರೆದಿಲ್ಲ. ಅಮೆರಿಕದ ಮೊದಮೊದಲ ಸಿನಿಮಾ ಕಂಪನಿಗಳು ನಟರ ಹೆಸರನ್ನೇ ಹಾಕುತ್ತಿರಲಿಲ್ಲ. ಬಯೋಗ್ರಾಫ್ ಕಂಪನಿಯ ಚಿತ್ರಗಳಲ್ಲಿ ಬರುತ್ತಿದ್ದ ಒಬ್ಬ ನಟಿಯನ್ನು ಜನ ‘ಬಯೋಗ್ರಾಫ್ ಹುಡುಗಿ’ ಎಂದೇ ಕರೆಯುತ್ತಿದ್ದರು. ಆಕೆಯ ಹೆಸರು ಫ್ಲಾರೆನ್ಸ್ ಲಾರೆನ್ಸ್. ಕಾರ್ಲ್ ಲೆಮ್ಲಿ ಎಂಬ ನಿರ್ಮಾಪಕ ಆಕೆಯನ್ನು ತನ್ನ ಕಂಪನಿಗೆ ಸೆಳೆದುಕೊಂಡ. 1910ರಲ್ಲಿ ಆಕೆ ಟ್ರಾಮ್ ಅಪಘಾತದಲ್ಲಿ ಸತ್ತಳೆಂಬ ಸುದ್ದಿ ಹಬ್ಬಿತು. ಕೂಡಲೇ ಲೆಮ್ಲಿ ಜಾಹೀರಾತು ಹಾಕಿಸಿದ: ಇದು ವೈರಿಗಳು ಹಬ್ಬಿಸಿದ ಸುಳ್ಳು, ಆಕೆ ಬದುಕಿದ್ದಾಳೆ, ನಮ್ಮ ಮುಂದಿನ ಚಿತ್ರದಲ್ಲಿ ನೋಡಿ. ಸೇಂಟ್ ಲೂಯಿಸ್ ನಗರಕ್ಕೆ ಆಕೆ ಬಂದಾಗ ಜನ ಮುಗಿಬಿದ್ದರು. ಸುಳ್ಳಿನ ಹಿಂದೆ ಇದ್ದದ್ದು ಲೆಮ್ಲಿಯ ಕೈಯೇ ಎಂದು ಸಿನಿಮಾ ಚರಿತ್ರೆಕಾರರು ಬರೆಯುತ್ತಾರೆ. ಆಕೆಯ ಹೆಸರು ಮನೆಮಾತಾದದ್ದು ಆಕೆಯ ಸುಳ್ಳು ಸಾವಿನಿಂದ. ಆಕೆ ನಿಜವಾಗಿ ತೀರಿಕೊಂಡದ್ದು 1938ರಲ್ಲಿ. ಸಮಾಧಿಯ ಮೇಲೆ ಹೆಸರಿನ ಕಲ್ಲು ಬಂದದ್ದು 1991ರಲ್ಲಿ.

ಅಂದಿನಿಂದ ಇಂದಿನವರೆಗೆ ಕಸುಬು ಬದಲಾಗಿಲ್ಲ, ವೇಗ ಬದಲಾಗಿದೆ. ವಿಮಾನ ನಿಲ್ದಾಣದಲ್ಲಿ ‘ಸಿಕ್ಕಿಬಿದ್ದ’ ನಟಿಯ ಫೋಟೊ ಹಲವು ಸಲ ಪ್ರಚಾರದವರು ಮೊದಲೇ ಹೇಳಿ ತೆಗೆಸಿದ್ದಾಗಿರುತ್ತದೆ. ಬಿಡುಗಡೆಯ ವಾರದಲ್ಲೇ ನಾಯಕ ನಾಯಕಿಯ ಪ್ರೇಮದ ಗುಮಾನಿ ಹುಟ್ಟಿದರೆ ಪಂಚಾಂಗ ನೋಡುವ ಅಗತ್ಯವಿಲ್ಲ. ನಿಮ್ಮ ಯೂಟ್ಯೂಬಿನಲ್ಲಿ ಕಾಣುವ ಕೆಂಪು ಬಾಣ, ಕಣ್ಣೀರಿನ ಮುಖ, ‘ಕೊನೆಗೂ ಸತ್ಯ ಬಯಲು’ ಎಂಬ ಸಾಲು, ಒಳಗೆ ಹತ್ತು ನಿಮಿಷ ಏನೂ ಇಲ್ಲದ ಮಾತು, ಇವೆಲ್ಲ ನಿಮ್ಮನ್ನು ಜಾಹೀರಾತು ಮುಗಿಯುವವರೆಗೆ ಕೂರಿಸಲು. ನೀವು ಹೊಗಳಿ ಬರೆದರೂ ಬೈದು ಬರೆದರೂ ಅವರ ಲೆಕ್ಕದಲ್ಲಿ ಅದು ಒಂದು ಅಂಕಿ. ಖಾರವಾಗಿ ಬರೆದದ್ದಕ್ಕೆ ಇನ್ನೊಬ್ಬರು ಖಾರವಾಗಿ ಉತ್ತರಿಸಿದರೆ ಎರಡು ಅಂಕಿ.

ಇನ್ನು ‘ಈ ವಯಸ್ಸಿನಲ್ಲಿ’ ಎಂಬ ನಿಮ್ಮ ಮಾತು. ಚೆಲುವನ್ನು ಕಂಡರೆ ಕಣ್ಣು ನಿಲ್ಲುವುದಕ್ಕೆ ನಿವೃತ್ತಿ ವಯಸ್ಸನ್ನು ಯಾರೂ ಗೊತ್ತುಮಾಡಿಲ್ಲ. ಶೃಂಗಾರವನ್ನು ರಸರಾಜ ಎಂದವರು ಹದಿಹರೆಯದವರೇನಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೀವು ನೋಡದೆ ಇರಲಾರಿರಿ. 2012ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು, ಆಗಲೂ ಗೆಜ್ಜೆ ಬಿಚ್ಚಿರಲಿಲ್ಲ. ಆ ಕೀಚಕನ ಕಣ್ಣು, ಹುಬ್ಬು, ಹೆಜ್ಜೆಯಲ್ಲಿದ್ದ ಶೃಂಗಾರಕ್ಕೆ ಅಜ್ಜಂದಿರೂ ಅಜ್ಜಿಯಂದಿರೂ ಚಾಪೆಯ ಮೇಲೆ ಎದ್ದು ಕುಳಿತದ್ದನ್ನು ನಾನೇ ಕಂಡಿದ್ದೇನೆ. ಯಾರೂ ನಾಚಲಿಲ್ಲ.

ತಾಳಮದ್ದಳೆಯಲ್ಲಿ ಕೀಚಕನ ಅರ್ಥವನ್ನು ನೀವೂ ಹೇಳಿರಬೇಕು. ಕೀಚಕ ಕೆಟ್ಟದ್ದು ಸೈರಂಧ್ರಿಯನ್ನು ಚೆಲುವೆ ಎಂದು ಕಂಡದ್ದರಿಂದಲ್ಲ. ಇವಳು ದಾಸಿ, ಅರಮನೆಯಲ್ಲಿ ಎಲ್ಲರ ಕಣ್ಣೆದುರು ಓಡಾಡುವವಳು, ಇವಳಿಗೆ ಎಂಥ ಮಾನ ಎಂದುಕೊಂಡದ್ದರಿಂದ. ನೀವು ವಿಡಿಯೊ ಕೆಳಗೆ ಬರೆದ ಸಾಲನ್ನು ಪತ್ರದ ಕೊನೆಯಲ್ಲಿ ಪ್ರಾಮಾಣಿಕವಾಗಿ ಕೊಟ್ಟಿದ್ದೀರಿ. ಅದನ್ನು ನಾನು ಅಚ್ಚು ಮಾಡುವುದಿಲ್ಲ. ‘ಮೈ ತೋರಿಸುವವಳಿಗೆ ಸಂಸಾರ ಎಲ್ಲಿಯದು’ ಎಂಬುದು ಅದರ ಸಭ್ಯ ರೂಪ. ಈ ಸಾಲನ್ನು ಕೀಚಕನ ಬಾಯಲ್ಲಿ ಇಟ್ಟು ನೋಡಿ, ಅರ್ಥಗಾರಿಕೆಗೆ ಎಷ್ಟು ಚೆನ್ನಾಗಿ ಹೊಂದುತ್ತದೆ.

ಎರಡು ವರ್ಷ ಕಣ್ತುಂಬ ನೋಡಿದವನು ಯಾಕೆ ಕಲ್ಲು ಬೀರಿದ? ನನ್ನ ಬಳಿ ಬರುವವರಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಿಶ್ಚಿಂತೆಯಿಂದ ನೋಡುವವರು ಬೈಯುವುದು ಕಡಿಮೆ. ನೋಡಿದ್ದಕ್ಕೆ ತಮ್ಮ ಮೇಲೆಯೇ ಹೇಸಿಕೊಳ್ಳುವವರು ಹೆಚ್ಚು ಬೈಯುತ್ತಾರೆ. ರಾತ್ರಿ ಒಂದು ಗಂಟೆಗೆ ಕಣ್ಣುರಿ, ಬೆಳಗ್ಗೆ ಕೊಟ್ಟಿಗೆಗೆ ಏಳಬೇಕು, ‘ನಾನು ಹೀಗೇಕೆ ಕುಳಿತಿದ್ದೇನೆ’ ಎಂಬ ಸಿಟ್ಟು. ಆ ಸಿಟ್ಟನ್ನು ಹೊರಲು ಒಂದು ಹೆಗಲು ಬೇಕು. ಅವಳು ಹೀಗೆ ಉಡುವುದರಿಂದ ತಾನೇ ನಾನು ಹೀಗೆ ನೋಡುವುದು ಎಂದು ಲೆಕ್ಕ ತಿರುವಿದರೆ ಹೊರೆ ಇಳಿಯಿತು. ನಿಮ್ಮ ನಾಚಿಕೆಯನ್ನು ನೀವು ಆಕೆಯ ತಲೆಗೆ ಕಟ್ಟಿದಿರಿ. ಆದ್ದರಿಂದಲೇ ನೋಡಿದ್ದಕ್ಕೆ ಇಷ್ಟು ನಾಚಬೇಡಿ ಎಂದು ಇಷ್ಟು ಉದ್ದಕ್ಕೆ ಹೇಳಿದ್ದು.

ಒಂದು ಕಾಲದಲ್ಲಿ ಗೋಕರ್ಣದ ಓಂ ಬೀಚಿಗೆ ಪರದೇಶದ ಹೆಂಗಸರನ್ನು ನೋಡಲೆಂದೇ ನಮ್ಮ ಕಡೆಯ ಹುಡುಗರು ಬೈಕಿನಲ್ಲಿ ಹೋಗುತ್ತಿದ್ದರು. ಬಂಡೆಯ ಮರೆಯಲ್ಲಿ ನಿಂತು ನೋಡುವಾಗ ಆ ಹೆಂಗಸು ತಿರುಗಿ ಒಮ್ಮೆ ದಿಟ್ಟಿಸಿದರೆ ಹುಡುಗರ ತಲೆ ತಾನಾಗಿ ತಗ್ಗುತ್ತಿತ್ತು. ಮೊಬೈಲಿನಲ್ಲಿರುವವಳು ತಿರುಗಿ ನೋಡುವುದಿಲ್ಲ.

ಆ ‘ಖಾಸಗಿ ವಿಡಿಯೊ’ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಲೈಂಗಿಕ ದೃಶ್ಯವನ್ನು ಇನ್ನೊಬ್ಬರಿಗೆ ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಸೆರೆ, ಹತ್ತು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಗುಂಪಿನಲ್ಲಿ ಬಂದದ್ದನ್ನು ಮುಂದೆ ದಾಟಿಸಿದೆ ಅಷ್ಟೇ ಎಂಬ ವಾದ ರಕ್ಷಿಸುವುದಿಲ್ಲ. ಅದು ಆಕೆಯದೇ ಎಂದು ನಿಮಗೆ ಹೇಳಿದವರು ಯಾರು? 2023ರ ನವೆಂಬರಿನಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಅವರದೆಂದು ಹರಿದಾಡಿದ ವಿಡಿಯೊದಲ್ಲಿ ಮೈ ಬೇರೊಬ್ಬ ಮಹಿಳೆಯದು, ಮುಖವನ್ನು ಕಂಪ್ಯೂಟರಿನಲ್ಲಿ ಅಂಟಿಸಿದ್ದರು. ನಿಜವಾದದ್ದೇ ಆದರೂ ಅದು ಆಕೆಯ ಮನೆಯೊಳಗಿನ ಸಂಗತಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ನಮ್ಮದೇ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ನಟಿಯರನ್ನು ಅದರಿಂದ ಹೊರಗಿಟ್ಟಿಲ್ಲ. ಆ ವಿಡಿಯೊ ಇನ್ನೂ ನಿಮ್ಮಲ್ಲಿ ಇದ್ದರೆ ಈಗಲೇ ಅಳಿಸಿ, ಕಳಿಸಿದ ಇಬ್ಬರಿಗೂ ಅಳಿಸಲು ಹೇಳಿ.

ಬಿಡುವುದು ಹೇಗೆ ಎಂದು ಕೇಳಿದ್ದೀರಿ. ಪೂರ್ತಿ ಬಿಡಬೇಕೆಂದು ನಾನು ಹೇಳುವುದಿಲ್ಲ. ಹಾಗೆ ಶಪಥ ಮಾಡಿದವರು ನಾಲ್ಕನೆಯ ದಿನ ಎರಡು ಗಂಟೆಯವರೆಗೆ ಕೂರುತ್ತಾರೆ. ಜಾಗ ಬದಲಾಯಿಸಿ. ಹಾಸಿಗೆಗೆ ಮೊಬೈಲ್ ಬೇಡ, ಜಗುಲಿಯಲ್ಲೇ ಚಾರ್ಜಿಗೆ ಹಾಕಿ ಒಳಗೆ ಹೋಗಿ. ನೋಡುವುದಾದರೆ ಹೆಂಡತಿಯ ಜೊತೆ ಕುಳಿತು ನೋಡಿ. ಇದು ತಮಾಷೆಯಲ್ಲ. ಆಕೆ ಕಂಡೂ ಕಾಣದಂತೆ ನಗುತ್ತಾರೆ ಎಂದಿದ್ದೀರಿ. ಅವರ ಮೊಬೈಲಿನಲ್ಲಿ ಯಾವ ನಟನ ಸುದ್ದಿ ಬರುತ್ತದೆ ಎಂದು ಒಮ್ಮೆಯಾದರೂ ಕೇಳಿದ್ದೀರಾ? ಇಬ್ಬರು ಸೇರಿ ‘ಇದನ್ನು ಮಾಡಿಸಿದವರು ಯಾರು, ಚಿತ್ರ ಯಾವಾಗ ಬಿಡುಗಡೆ’ ಎಂದು ಚೌಕಿಯ ಲೆಕ್ಕ ಹಾಕತೊಡಗಿದರೆ ಅರ್ಧ ಗಂಟೆಯಲ್ಲಿ ಆಕಳಿಕೆ ಬರುತ್ತದೆ. ಜಾಗ ಬದಲಾಯಿಸಿದ ಮೇಲೂ ನಿದ್ದೆ ಬಾರದಿದ್ದರೆ, ತೋಟದ ಕೆಲಸ, ತಾಳಮದ್ದಳೆ ಯಾವುದರಲ್ಲೂ ರುಚಿಯಿಲ್ಲ ಎನಿಸಿದರೆ, ಅದು ನಟಿಯರ ವಿಷಯವಲ್ಲ, ಬೇರೆ. ಆಗ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಉಳಿದದ್ದು ತಮ್ಮನ ಮಗಳು. ಯಾರೋ ಮೊಬೈಲ್ ಬಳಸಿರಬೇಕು ಎಂಬುದನ್ನು ಅವಳು ನಂಬಿರುವುದಿಲ್ಲ. ನಂಬಿದಂತೆ ಮಾಡಿರುತ್ತಾಳೆ, ನಿಮ್ಮ ಮೇಲಿನ ಗೌರವದಿಂದ. ಅವಳು ಕೇಳಿದ ಪ್ರಶ್ನೆಯನ್ನು ಇನ್ನೊಮ್ಮೆ ಯೋಚಿಸಿ. ಆ ನಟಿ ಅವಳಿಗೆ ನೆಂಟಳಲ್ಲ. ಆದರೆ ಅವಳೂ ಹುಬ್ಬಳ್ಳಿಯಲ್ಲಿ ತನಗಿಷ್ಟವಾದ ಬಟ್ಟೆ ಹಾಕಿಕೊಂಡು ಗೆಳತಿಯರ ಜೊತೆ ಫೋಟೊ ತೆಗೆಸಿಕೊಳ್ಳುವ ಹುಡುಗಿ. ದೊಡ್ಡಪ್ಪ ನನ್ನ ಚಿ‌ತ್ರ ಕಂಡರೂ ಮನಸ್ಸಿನಲ್ಲಿ ಹೀಗೆಯೇ ಅಂದುಕೊಳ್ಳುತ್ತಾರೆಯೇ ಎಂದು ಅವಳು ಕೇಳಿದ್ದು.

ಆ ಸಾಲನ್ನು ಇವತ್ತೇ ಅಳಿಸಿ. ಅವಳಿಗೆ ಹೇಳುವುದನ್ನು ಫೋನಿನಲ್ಲಿ ಹೇಳಬೇಡಿ. ಹಬ್ಬಕ್ಕೆ ಬರುವಾಗ ಶಿರಸಿ ಬಸ್ ನಿಲ್ದಾಣಕ್ಕೆ ಬೇರೆ ಯಾರನ್ನೂ ಕಳಿಸದೆ ನೀವೇ ಬೈಕು ತೆಗೆದುಕೊಂಡು ಹೋಗಿ. ದಾರಿಯಲ್ಲಿ, ಅದನ್ನು ಬರೆದದ್ದು ನಾನೇ, ಬರೆಯಬಾರದಿತ್ತು ಎಂದು ಹೇಳಿ. ಅವಳು ಹಿಂದೆ ಕುಳಿತಿರುತ್ತಾಳೆ, ಮುಖ ನೋಡುವ ಕಷ್ಟ ಇಬ್ಬರಿಗೂ ಇರುವುದಿಲ್ಲ.